ಉದ್ದ ಓಡುವ ಹೆದ್ದಾರಿ, ಅಡ್ಡ ದಾಟುವ ಊರು

ಆಷಾಢದ ಬೆಳಗ್ಗೆ ಏಳೂವರೆ. ಉಡುಪಿಗೂ ಕುಂದಾಪುರಕ್ಕೂ ನಡುವಿನ ಒಂದು ಊರು. ಜೋರು ಮಳೆ ಆಗಷ್ಟೇ ಬಿಟ್ಟಿದೆ. ಬಸ್ಸಿನ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತ ವಯಸ್ಸಾದ ಹೆಂಗಸಿಗೆ ಕಂಡಕ್ಟರ್ ಹೇಳುತ್ತಾನೆ: "ಇಲ್ಲಿ ನಿಲ್ಲಿಸ್ಲಿಕ್ಕಿಲ್ಲ ಅಮ್ಮ, ಮುಂದೆ ಯೂಟರ್ನ್ ಹತ್ರ ಇಳೀರಿ." "ನನ್ನ ಮನೆ ಇಲ್ಲೇ ಉಂಟಲ್ಲ ಮಗಾ" ಎನ್ನುತ್ತಾರೆ ಆಕೆ. ಬಸ್ಸು ನಿಲ್ಲುತ್ತದೆ.

ಮನೆ ಇರುವುದು ರಸ್ತೆಯ ಆಚೆ. ಡಿವೈಡರ್ ಹತ್ತಿರ ಬಂದು ಬುಟ್ಟಿಯನ್ನು ಮೊದಲು ಅದರ ಮೇಲಿಡುತ್ತಾರೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಅಂಗೈ ಊರಿ, ಒಂದು ಕಾಲು ಹಾಕುತ್ತಾರೆ. ಅಷ್ಟರಲ್ಲಿ ಗ್ಯಾಸ್ ಟ್ಯಾಂಕರೊಂದು ಕೆಸರುನೀರು ಎರಚಿಕೊಂಡು ಹಾದುಹೋಗುತ್ತದೆ. ಅದು ಹೋಗುವವರೆಗೆ ಆ ಕಾಲು ಹಾಗೇ ಮೇಲೆ ಇರುತ್ತದೆ. ಹಿಂದೆ ಇದೇ ಜಾಗದಲ್ಲಿ ಇದೇ ರಸ್ತೆಯನ್ನು ಅಕ್ಕಪಕ್ಕದವರೊಡನೆ ಮಾತಾಡುತ್ತಲೇ ದಾಟುತ್ತಿದ್ದ ಕಾಲು ಅದು.

ಕಾರವಾರದಿಂದ ತಲಪಾಡಿಯವರೆಗೆ ಯಾವ ಊರಲ್ಲಿ ನಿಂತರೂ ಈ ದೃಶ್ಯ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ವಿಸ್ತರಣೆಯ ಬಗ್ಗೆ ನಾವು ಹೊಂಡ, ಟೋಲ್, ಗುಡ್ಡಕುಸಿತ ಎಂದು ಬಿಡಿಬಿಡಿಯಾಗಿ ಓದುತ್ತೇವೆ. ನನಗೆ ಇವೆಲ್ಲ ಒಂದೇ ಗಂಟಿನ ಎಳೆಗಳಾಗಿ ಕಾಣುತ್ತವೆ. ಕರಾವಳಿಯಲ್ಲಿ ಹೊಳೆ ಹರಿಯುವುದು ಪೂರ್ವದಿಂದ ಪಶ್ಚಿಮಕ್ಕೆ. ಗುಡ್ಡದ ನೀರು ಗದ್ದೆಗೆ ಇಳಿಯುವುದೂ ಹಾಗೆಯೇ. ಕಡಲ ಬದಿಯ ಮನೆಯವರು ಶಾಲೆಗೆ, ಆಸ್ಪತ್ರೆಗೆ, ಜಾತ್ರೆಗೆ ಹೋಗುವುದೂ ಇದೇ ಅಡ್ಡ ದಾರಿಯಲ್ಲಿ. ಹೆದ್ದಾರಿಯೊಂದೇ ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಓಡುತ್ತದೆ. ಅದು ಎರಡು ಪಥವಾಗಿದ್ದಷ್ಟು ದಿನ ಉದ್ದ–ಅಡ್ಡಗಳ ನಡುವೆ ಹೇಗೋ ಹೊಂದಾಣಿಕೆ ಇತ್ತು.

ಹದಿನೇಳು ಅರುವತ್ತಾರಾದದ್ದು

ಊರಿನ ಹಿರಿಯರ ಬಾಯಲ್ಲಿ ಇದು ಇಂದಿಗೂ 'ಎನ್‌ಎಚ್ ಸೆವೆಂಟೀನ್'. ಮಹಾರಾಷ್ಟ್ರದ ಪನ್ವೇಲ್‌ನಿಂದ ಕೊಚ್ಚಿಯ ಎಡಪ್ಪಳ್ಳಿವರೆಗೆ ಇದ್ದ ಹಳೆಯ ಹೆದ್ದಾರಿಯ ಸಂಖ್ಯೆ 17. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ, ಎಡಪ್ಪಳ್ಳಿಯಿಂದ ಕನ್ಯಾಕುಮಾರಿವರೆಗಿನ ರಸ್ತೆಯನ್ನೂ ಇದಕ್ಕೆ ಸೇರಿಸಿ 66 ಎಂದರು. ಒಟ್ಟು ಉದ್ದ ಸುಮಾರು 1,600 ಕಿ.ಮೀ. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ಹಾದು ತಮಿಳುನಾಡಿನ ತುದಿಗೆ ಮುಟ್ಟುತ್ತದೆ.

ನಮ್ಮ ಪಾಲಿಗೆ ಬರುವುದು ಕಾರವಾರದಾಚೆಯ ಮಾಜಾಳಿಯಿಂದ ಮಂಗಳೂರಿನಾಚೆಯ ತಲಪಾಡಿವರೆಗೆ, ಮುನ್ನೂರು ಕಿಲೋಮೀಟರಿಗೆ ತುಸು ಕಡಿಮೆ. ಇದರ ಚತುಷ್ಪಥ ಕಾಮಗಾರಿಯನ್ನು ಮುಖ್ಯವಾಗಿ ಎರಡು ತುಂಡಾಗಿ ಗುತ್ತಿಗೆಗೆ ಕೊಡಲಾಯಿತು. ಕುಂದಾಪುರದಿಂದ ಸುರತ್ಕಲ್ ಮತ್ತು ಮಂಗಳೂರಿನ ನಂತೂರಿನಿಂದ ತಲಪಾಡಿ ಸೇರಿ ಸುಮಾರು 90 ಕಿ.ಮೀ. ಒಂದು ತುಂಡು, ಅದರ ಕೆಲಸ 2010ರ ಹೊತ್ತಿಗೆ ಶುರುವಾಯಿತು. ಗೋವಾ ಗಡಿಯಿಂದ ಕುಂದಾಪುರದವರೆಗಿನ ಸುಮಾರು 187 ಕಿ.ಮೀ. ಇನ್ನೊಂದು, ಅದರ ಕೆಲಸ ಆರಂಭವಾದದ್ದು 2014ರಲ್ಲಿ.

ಎರಡೂ ಕಡೆ ಹೇಳಿದ ಗಡುವು ದಾಟಿ ವರ್ಷಗಳೇ ಉರುಳಿವೆ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಒಂದಕ್ಕೇ ಹತ್ತಿರ ಹತ್ತು ವರ್ಷ ಹಿಡಿದು, ಅದು ಸಂಚಾರಕ್ಕೆ ತೆರೆದದ್ದು 2020ರ ಜನವರಿ 31ರಂದು. ಉಡುಪಿಯ ಸಂತೆಕಟ್ಟೆಯ ಅಂಡರ್‌ಪಾಸ್ ಕೆಲಸವೂ ವರ್ಷಗಟ್ಟಲೆ ಎಳೆಯಿತು. ಆ ಅವಧಿಯಲ್ಲಿ ಹತ್ತಿರದ ಶಾಲೆಗೆ ಸೇರಿದ ಮಗು ಧೂಳು, ಕೆಸರು, ತಿರುಗಿಸಿದ ದಾರಿಗಳನ್ನೇ ರಸ್ತೆ ಎಂದುಕೊಂಡು ಬೆಳೆದಿದೆ.

ಗುಡ್ಡಕ್ಕೂ ಕಡಲಿಗೂ ನಡುವೆ

ಭೂಪಟ ಬಿಡಿಸಿ ನೋಡಿದರೆ ಇಕ್ಕಟ್ಟು ಅರ್ಥವಾಗುತ್ತದೆ. ಉತ್ತರದಿಂದ ಎಣಿಸುತ್ತ ಬನ್ನಿ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ, ಸೌಪರ್ಣಿಕಾ, ವಾರಾಹಿ, ಸೀತಾ, ಸುವರ್ಣಾ, ಶಾಂಭವಿ, ನಂದಿನಿ, ಫಲ್ಗುಣಿ, ನೇತ್ರಾವತಿ. ಇವು ದೊಡ್ಡವು ಮಾತ್ರ. ನಡುವೆ ಹೆಸರಿಲ್ಲದ ತೋಡುಗಳು, ಉಪ್ಪುನೀರು ಒಳಬರುವ ಹಿನ್ನೀರುಗಳು ಎಷ್ಟೋ. ಸೇತುವೆ ಇಲ್ಲದ ಕಾಲದಲ್ಲಿ ಒಂದೊಂದು ಹೊಳೆಗೂ ಒಂದು ಕಡವು. ಬಸ್ಸು ಈಚೆ ದಡಕ್ಕೆ ನಿಂತರೆ ಜನ ದೋಣಿ ಹತ್ತಿ ಆಚೆ ದಡದ ಇನ್ನೊಂದು ಬಸ್ಸಿಗೆ ಹೋಗಬೇಕಿತ್ತು.

ಉಡುಪಿ, ಮಂಗಳೂರಿನ ಕಡೆ ಘಟ್ಟ ಸ್ವಲ್ಪ ದೂರ ಸರಿದಿದೆ. ಅಂಕೋಲಾ, ಕಾರವಾರದಲ್ಲಿ ಅದರ ತೋಳು ನೇರ ಸಮುದ್ರಕ್ಕೇ ಚಾಚಿದೆ. ಅಲ್ಲಿ ರಸ್ತೆ ಒಂದೋ ಗುಡ್ಡದ ಬುಡವನ್ನು ಕಡಿದು ಹೋಗಬೇಕು, ಇಲ್ಲವೇ ಸುರಂಗ ಹಿಡಿಯಬೇಕು. ಕಾರವಾರದ ಹತ್ತಿರ ಜೋಡಿ ಸುರಂಗ ಬಂದದ್ದು ಹೀಗೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆಯದೇ ದಂಡೆ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುವ ಆ ಜಾಗವನ್ನು ಕಡಲ್ಕೊರೆತದಿಂದ ಉಳಿಸಲು ಲಾರಿಗಟ್ಟಲೆ ಬಂಡೆ ಸುರಿಯಬೇಕಾಗುತ್ತದೆ.

ಇಷ್ಟೇ ಅಗಲದ ಪಟ್ಟಿಯಲ್ಲಿ ಕೊಂಕಣ ರೈಲೂ ಇದೆ. 1998ರಲ್ಲಿ ಅದು ಪೂರ್ಣವಾಗಿ ಓಡತೊಡಗಿತು. ಮಳೆಗಾಲಕ್ಕೆಂದೇ ಅದಕ್ಕೆ ಬೇರೆ ವೇಳಾಪಟ್ಟಿ ಇದೆ. ರೈಲುಗಳು ನಿಧಾನ ಹೋಗುತ್ತವೆ, ಗುಡ್ಡ ಕಡಿದ ಕಡೆಗಳಲ್ಲಿ ಸಿಬ್ಬಂದಿ ಹಗಲುರಾತ್ರಿ ಹಳಿ ಕಾಯುತ್ತಾರೆ. ಇಲ್ಲಿ ಮಳೆಯೇ ಯಜಮಾನ ಎಂದು ರೈಲು ಒಪ್ಪಿಕೊಂಡಿದೆ. ಹೆದ್ದಾರಿ ಮಾತ್ರ ಜನವರಿಯಲ್ಲೂ ಜುಲೈಯಲ್ಲೂ ಒಂದೇ ವೇಗ ಬಯಸುತ್ತದೆ.

ಶೇಡಿಮಣ್ಣಿನ ಸ್ವಭಾವ

ಕರಾವಳಿಯಲ್ಲಿ ಬಾವಿ ತೋಡಿದವರಿಗೆ ಈ ಮಣ್ಣು ಗೊತ್ತು. ಮೇಲೆ ಗಟ್ಟಿ ಮುರಕಲ್ಲು; ಅದೇ ಕೆಂಪುಕಲ್ಲನ್ನು ಕಡಿದು ಮನೆ ಕಟ್ಟುತ್ತೇವೆ. ಅದರ ಕೆಳಗೆ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ನುಣುಪು ಮಣ್ಣು. ಅದೇ ಶೇಡಿಮಣ್ಣು. ಒಂದು ಹೆಂಟೆಯನ್ನು ಬೇಸಗೆಯಲ್ಲಿ ಕೈಗೆತ್ತಿಕೊಂಡರೆ ಸೀಮೆಸುಣ್ಣದಂತೆ ಗಟ್ಟಿ. ಅದನ್ನೇ ನೀರಿಗೆ ಹಾಕಿ ನೋಡಿ: ಅಂಚಿನಿಂದ ಪುಡಿಪುಡಿಯಾಗಿ ಉದುರಿ, ಸ್ವಲ್ಪ ಹೊತ್ತಿನಲ್ಲಿ ಪಾತ್ರೆಯ ತಳದಲ್ಲಿ ಅಂಬಲಿಯಂತೆ ಕೂರುತ್ತದೆ.

ರಸ್ತೆಗಾಗಿ ಗುಡ್ಡ ಕಡಿಯುವಾಗ ಮುರಕಲ್ಲಿನ ಟೊಪ್ಪಿ ಸೀಳಿ ಶೇಡಿಮಣ್ಣು ಹೊರಗೆ ಬೀಳುತ್ತದೆ. ಬೇಸಗೆಯಲ್ಲಿ ಕಡಿದ ಗೋಡೆ ನೆಟ್ಟಗೆ ನಿಲ್ಲುವುದರಿಂದ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಕೆಳಗಿನ ಶೇಡಿಯಲ್ಲಿ ನಿಲ್ಲುತ್ತದೆ. ಅದು ಮೆತ್ತಗಾದಾಗ ಮೇಲಿನ ಕಲ್ಲು, ಮರ, ಮನೆ ಎಲ್ಲವೂ ಒಟ್ಟಿಗೆ ಜಾರುತ್ತವೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ ಕಡಿಯಬೇಕು. ಮೇಲಿನ ನೀರು ಗೋಡೆಗೆ ಬರುವ ಮೊದಲೇ ತಿರುಗಿಸಲು ನೆತ್ತಿಯಲ್ಲಿ ಚರಂಡಿ ಬೇಕು. ಉದ್ದ ಕಬ್ಬಿಣದ ಸರಳು ಹೊಡೆದು ಮಣ್ಣನ್ನು ಹಿಡಿದಿಡಬಹುದು. ಸಿಮೆಂಟು ಬಳಿದರೆ ಒಳಗಿನ ನೀರು ಹೊರಬರಲು ತೂತುಗಳನ್ನು ಬಿಡಬೇಕು. ಆದರೆ ಓರೆಯಾಗಿ ಕಡಿಯಬೇಕಾದರೆ ಗುಡ್ಡದ ಮೇಲೆ ಇನ್ನಷ್ಟು ಜಾಗ ಬೇಕು. ಜಾಗ ಬೇಕೆಂದರೆ ಇನ್ನಷ್ಟು ಸ್ವಾಧೀನ, ಇನ್ನಷ್ಟು ಪರಿಹಾರ, ಕಾಡಾದರೆ ಬೇರೆ ಅನುಮತಿ. ಈ ಲೆಕ್ಕದಲ್ಲೇ ಗೋಡೆ ನೆಟ್ಟಗಾಗುತ್ತದೆ.

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ. ನಡುವೆ ಲಾರಿಯವರು ನಿಲ್ಲಿಸಿ ಚಹಾ ಕುಡಿಯುವ ಒಂದು ಸಣ್ಣ ಹೋಟೆಲು. ದಿನಗಟ್ಟಲೆ ಸುರಿದ ಮಳೆಯ ನಂತರ 2024ರ ಜುಲೈ 16ರ ಬೆಳಗ್ಗೆ ಗುಡ್ಡ ಕೆಳಗಿಳಿಯಿತು. ಹೋಟೆಲು, ಅದನ್ನು ನಡೆಸುತ್ತಿದ್ದ ಮನೆಯವರು, ನಿಂತಿದ್ದ ವಾಹನಗಳು, ಗ್ಯಾಸ್ ಟ್ಯಾಂಕರ್, ಎಲ್ಲವನ್ನೂ ಅದು ಕೊಚ್ಚಿತು. ಮಣ್ಣು ನದಿಗೆ ನುಗ್ಗಿದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಹನ್ನೊಂದು ಜೀವ ಹೋದವು. ಕೇರಳದ ಲಾರಿ ಚಾಲಕನೊಬ್ಬನ ದೇಹ, ಅವನ ಲಾರಿಯೊಳಗೇ, ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅದಕ್ಕಾಗಿ ಗೋವಾದಿಂದ ಹೂಳೆತ್ತುವ ಯಂತ್ರ ತರಬೇಕಾಯಿತು.

ಆ ಗುಡ್ಡ ಅಲ್ಲಿ ಎಷ್ಟೋ ಮಳೆಗಾಲ ಕಂಡಿತ್ತು. ಬುಡ ಕಡಿಸಿಕೊಂಡು ಕಂಡ ಮಳೆಗಾಲಗಳು ಮಾತ್ರ ಕೆಲವೇ.

ಹಳೆಯ ಸೇತುವೆಯ ಮೇಲೆ ಹೊಸ ಭಾರ

ಶಿರೂರಿನ ದುಃಖ ಆರುವ ಮೊದಲೇ, ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದ ಕಾಳಿ ಸೇತುವೆ ನದಿಗೆ ಬಿತ್ತು. ಮೇಲೆ ಹೋಗುತ್ತಿದ್ದ ಲಾರಿಯೂ ಬಿತ್ತು. ಚಾಲಕನನ್ನು ಸ್ಥಳೀಯ ಮೀನುಗಾರರು, ಪೊಲೀಸರು ಸೇರಿ ಜೀವಸಹಿತ ಮೇಲೆತ್ತಿದರು. ಅದೇ ಕುಸಿತ ಹಗಲು ಹನ್ನೊಂದರ ಹೊತ್ತಿಗೆ ಆಗಿದ್ದರೆ ಎಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

'ಚತುಷ್ಪಥ' ಎಂದರೆ ನಾಲ್ಕೂ ಪಥ ಹೊಸದು ಎಂದು ನಾವು ತಿಳಿಯುತ್ತೇವೆ. ಹೊಳೆಗಳ ಮೇಲೆ ಹಲವೆಡೆ ಹಾಗಿಲ್ಲ. ಹಳೆಯ ಎರಡು ಪಥದ ಸೇತುವೆಯನ್ನು ಉಳಿಸಿಕೊಂಡು ಪಕ್ಕದಲ್ಲಿ ಇನ್ನೊಂದು ಕಟ್ಟುವುದು. ಹೋಗುವವರಿಗೆ ಒಂದು, ಬರುವವರಿಗೆ ಒಂದು. ಕಾಳಿಯ ಮೇಲೆ ಬಿದ್ದದ್ದು 1980ರ ದಶಕದ ಆ ಹಳೆಯ ಸೇತುವೆ. ಪಕ್ಕದ ಹೊಸದು ನಿಂತೇ ಇದೆ. ಉಪ್ಪುಗಾಳಿ, ಉಪ್ಪುನೀರು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಹೊರಗಿನಿಂದ ನೋಡುವವನಿಗೆ ಅದು ಸಣ್ಣ ಬಿರುಕು ಅಷ್ಟೆ. ಸೇತುವೆ ಕಟ್ಟಿದ ಕಾಲದ ಲಾರಿಗೂ ಇಂದು ಓಡುವ ಲಾರಿಗೂ ಭಾರದಲ್ಲಿ ಹೋಲಿಕೆಯೇ ಇಲ್ಲ.

ಇದೇ ಹೆದ್ದಾರಿಯ ಮೇಲೆ ಮಹಾರಾಷ್ಟ್ರದ ಮಹಾಡ್ ಬಳಿ 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ನೆರೆಗೆ ಕೊಚ್ಚಿಹೋಗಿ ಎರಡು ಸರ್ಕಾರಿ ಬಸ್ಸುಗಳು ನೀರುಪಾಲಾಗಿದ್ದವು. ನಾವು ಆ ಸುದ್ದಿಯನ್ನು ದೂರದ ಸುದ್ದಿ ಎಂದು ಓದಿ ಮಡಚಿಟ್ಟೆವು.

ಸೆಂಟ್ಸ್ ಲೆಕ್ಕ

ಕರಾವಳಿಯಲ್ಲಿ ಜಾಗ ಅಳೆಯುವುದು ಸೆಂಟ್ಸಿನಲ್ಲಿ. ಹತ್ತು ಸೆಂಟ್ಸು ಎಂದರೆ ಒಂದು ಮನೆ, ಬಾವಿ, ನಾಲ್ಕು ತೆಂಗು, ಒಂದು ಹಲಸು, ತುಳಸಿಕಟ್ಟೆ. ಹೆದ್ದಾರಿಗೆ ಅದರಲ್ಲಿ ಆರು ಸೆಂಟ್ಸ್ ಹೋದರೆ ಉಳಿದ ನಾಲ್ಕರಲ್ಲಿ ಬದುಕು ಹೂಡುವುದು ಕಷ್ಟ.

ಸ್ವಾಧೀನ ನಡೆಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಮೊದಲು ಜಾಗ ಬೇಕಾಗಿದೆ ಎಂಬ ಅಧಿಸೂಚನೆ, ಅದೇ '3ಎ'. ಆಕ್ಷೇಪ ಕೇಳಿದ ನಂತರ '3ಡಿ' ಘೋಷಣೆ. ಅದು ಬಂದ ದಿನವೇ ಜಾಗ ಕೇಂದ್ರ ಸರ್ಕಾರದ್ದು. ಪರಿಹಾರ ನಿಗದಿಯಾಗುವುದು ಆಮೇಲೆ, '3ಜಿ'ಯಲ್ಲಿ. ಜಾಗ ಕಳೆದುಕೊಂಡವರು ಈ ಮೂರು ಅಕ್ಷರಗಳನ್ನು ಮನೆಯವರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾರೆ.

2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ನಿಯಮಗಳು ಹೆದ್ದಾರಿಗೆ ಅನ್ವಯವಾದದ್ದು 2015ರ ಜನವರಿ 1ರಿಂದ. ಅದರಂತೆ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತ ಹೆಚ್ಚುವರಿಯಾಗಿ ಸಿಗುತ್ತದೆ. ಹಳ್ಳಿಗಳಲ್ಲಿ ಇನ್ನೂ ಹೆಚ್ಚು. ಅದಕ್ಕೆ ಮೊದಲು ಜಾಗ ಬಿಟ್ಟವರಿಗೆ ಆ ಹೆಚ್ಚುವರಿ ಮೊತ್ತವೇ ಇರಲಿಲ್ಲ. ಅದು ತಾರತಮ್ಯ, ಹಳಬರಿಗೂ ಹೆಚ್ಚುವರಿ ಮೊತ್ತ ಮತ್ತು ಬಡ್ಡಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಪಾಲಾಗದ ಕುಟುಂಬದ ಆಸ್ತಿ, ಮೂಲಗೇಣಿ ಎಂಬ ಕಾಯಂ ಗೇಣಿಯ ತಕರಾರು, ಮುಂಬಯಿಯಲ್ಲಿರುವ ಅಣ್ಣತಮ್ಮಂದಿರ ಸಹಿ ಇವೆಲ್ಲ ಸೇರಿದರೆ ಹಣ ಕೈಗೆ ಬರುವಷ್ಟರಲ್ಲಿ ಒಂದು ತಲೆಮಾರು ಮುದಿಯಾಗುತ್ತದೆ.

ಉತ್ತರ ಕನ್ನಡದವರ ನೋವು ಇನ್ನೂ ಆಳ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರು, ಕೊಂಕಣ ರೈಲಿಗೆ ಜಾಗ ಕೊಟ್ಟವರು, ಈಗ ಹೆದ್ದಾರಿಗೂ ಕೊಟ್ಟಿದ್ದಾರೆ. ಒಂದೇ ಕುಟುಂಬ ಎರಡು–ಮೂರು ಸಲ ಬಾವಿ ತೋಡಿದ ಉದಾಹರಣೆಗಳು ಅಲ್ಲಿವೆ.

ಟೋಲ್ ಗೇಟಿನ ಗಣಿತ

ಕರ್ನಾಟಕದ ಈ ಕಾಮಗಾರಿಗಳಲ್ಲಿ ಗುತ್ತಿಗೆದಾರ ಕಂಪನಿಯೇ ಹಣ ಹಾಕಿ ರಸ್ತೆ ಕಟ್ಟಿ, ನಿಗದಿತ ವರ್ಷಗಳವರೆಗೆ ಟೋಲ್ ಎತ್ತಿ ಮರಳಿ ಪಡೆಯುವ ಪದ್ಧತಿ ಇದೆ. ಇಂಥ ಒಪ್ಪಂದಗಳಲ್ಲಿ ಸುಮಾರು ಮುಕ್ಕಾಲು ಭಾಗ ಮುಗಿದರೆ ತಾತ್ಕಾಲಿಕ ಪ್ರಮಾಣಪತ್ರ ಪಡೆದು ಸುಂಕ ಆರಂಭಿಸಲು ಅವಕಾಶವಿರುತ್ತದೆ. ಉಳಿಯುವ ಕಾಲುಭಾಗ ಯಾವುದು ಎಂಬುದೇ ಮುಖ್ಯ. ವಾಹನ ಓಡುವ ನೇರ ರಸ್ತೆ ಮೊದಲು ಮುಗಿಯುತ್ತದೆ. ಸರ್ವಿಸ್ ರೋಡ್, ಅಂಡರ್‌ಪಾಸ್, ಬಸ್ ತಂಗುದಾಣ, ಚರಂಡಿ ಕೊನೆಗೆ ಉಳಿಯುತ್ತವೆ. ಅಂದರೆ ಉದ್ದ ಹೋಗುವವರ ಕೆಲಸ ಆಗುತ್ತದೆ, ಅಡ್ಡ ದಾಟುವವರ ಕೆಲಸ ಕಾಯುತ್ತದೆ.

2008ರ ಶುಲ್ಕ ನಿಯಮದ ಪ್ರಕಾರ ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರ ಇರಬೇಕು. ಹೆಜಮಾಡಿಯಲ್ಲಿ ಒಂದು ಇರುವಾಗ ಹತ್ತಿರದ ಸುರತ್ಕಲ್‌ನಲ್ಲೂ ವರ್ಷಗಟ್ಟಲೆ ಸುಂಕ ಎತ್ತಲಾಯಿತು. 2022ರ ಅಕ್ಟೋಬರ್ ಕೊನೆಯಿಂದ ಜನ ಅಲ್ಲಿ ಹಗಲುರಾತ್ರಿ ಧರಣಿ ಕೂತರು. ಡಿಸೆಂಬರ್ 1ರಂದು ವಸೂಲಿ ನಿಂತಿತು. ನಿಯಮವನ್ನು ಓದಿ ಅರ್ಥಮಾಡಿಕೊಂಡ ಜನ ಅದನ್ನೇ ಹಿಡಿದು ಕೂತರೆ ಏನಾಗುತ್ತದೆ ಎಂಬುದಕ್ಕೆ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತಲಪಾಡಿಯ ಆಚೆ

ಕೇರಳ ಗಡಿಯ ತಲಪಾಡಿ ದಾಟಿದ ಕೂಡಲೇ ರಸ್ತೆ ಅಗಲವಾಗುತ್ತದೆ: ಆರು ಪಥ, ಎರಡೂ ಬದಿಗೆ ಸರ್ವಿಸ್ ರೋಡ್. ಅಗಲ ಎಷ್ಟಿರಬೇಕೆಂಬ ಜಗಳದಲ್ಲೇ ಕೇರಳ ವರ್ಷಗಳನ್ನು ಕಳೆದಿತ್ತು. ಕೊನೆಗೆ 45 ಮೀಟರ್ ಎಂದು ತೀರ್ಮಾನವಾಗಿ, ಭೂಸ್ವಾಧೀನ ವೆಚ್ಚದ ಶೇ. 25 ಭಾಗವನ್ನು ರಾಜ್ಯವೇ ಕೊಡಲು ಒಪ್ಪಿದ ಮೇಲೆ ಕೆಲಸ ಓಡಿತು. ಚಿಕಿತ್ಸೆಗೆ, ಓದಿಗೆ ಮಂಗಳೂರನ್ನೇ ನಂಬಿದ ಮಂಜೇಶ್ವರ, ಉಪ್ಪಳ, ಕುಂಬಳೆಯ ಕನ್ನಡಿಗರಿಗೆ ಇದು ದಿನನಿತ್ಯದ ದಾರಿ. 2020ರ ಕೊರೊನಾ ಕಾಲದಲ್ಲಿ ಗಡಿ ಮುಚ್ಚಿ ಆಂಬುಲೆನ್ಸ್‌ಗಳೂ ನಿಂತಾಗ ಈ ರಸ್ತೆ ಅವರಿಗೆ ಏನೆಂದು ಎಲ್ಲರಿಗೂ ತಿಳಿಯಿತು.

ಆದರೆ ಅಗಲವೊಂದೇ ಉತ್ತರವಲ್ಲ ಎಂದು ಅಲ್ಲೂ ಮಳೆಯೇ ತೋರಿಸಿತು. 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ, ಗದ್ದೆಯ ಮೇಲೆ ಎತ್ತರಕ್ಕೆ ಮಣ್ಣು ತುಂಬಿ ಮಾಡಿದ ಹೆದ್ದಾರಿ ಕುಸಿದು ಪಕ್ಕದ ಸರ್ವಿಸ್ ರೋಡಿನ ಮೇಲೆ ಬಿತ್ತು. ಗದ್ದೆಯ ಅಡಿಯ ಮೆತ್ತನೆಯ ಮಣ್ಣು ಆ ಭಾರ ಹೊರಲಿಲ್ಲ. ಆಮೇಲೆ ಅಲ್ಲಿ ದಿಬ್ಬ ಬಿಟ್ಟು ಕಂಬಗಳ ಮೇಲೆ ರಸ್ತೆ ಒಯ್ಯುವ ನಿರ್ಧಾರವಾಯಿತು. ಕಂಬಗಳ ನಡುವೆ ನೀರೂ ಹರಿಯುತ್ತದೆ, ಜನರೂ ನಡೆಯುತ್ತಾರೆ. ನಮ್ಮ ಪೇಟೆಗಳ ನಡುವೆಯೂ ಮೇಲ್ಸೇತುವೆಯ ಇಕ್ಕೆಲಕ್ಕೆ ಉದ್ದುದ್ದ ಮಣ್ಣಿನ ಗೋಡೆ ಎದ್ದಿದೆ. ಕಂಬಕ್ಕಿಂತ ಅದು ಅಗ್ಗ. ಗೋಡೆಯ ಈಚೆ ಅಂಗಡಿ ಇಟ್ಟವನ ಗಿರಾಕಿ ಆಚೆ ಉಳಿದರೆ ಆ ನಷ್ಟ ಮಾತ್ರ ಯೋಜನೆಯ ವೆಚ್ಚದಲ್ಲಿ ಸೇರುವುದಿಲ್ಲ.

ಒಂಬತ್ತು ಸೆಕೆಂಡು

ಒಂದು ಸಣ್ಣ ಲೆಕ್ಕ. ಒಂದು ಬದಿಯ ಎರಡು ಪಥ ಮತ್ತು ಅಂಚು ಸೇರಿ ಸುಮಾರು ಒಂಬತ್ತು ಮೀಟರ್. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರ್ ನಡೆದರೆ ದಾಟಲು ಒಂಬತ್ತು ಸೆಕೆಂಡು. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಬರುತ್ತದೆ. ಅಂದರೆ ಬುಟ್ಟಿ ಹಿಡಿದ ಆ ಹೆಂಗಸು ಕಾಲಿಡುವಾಗ ವಾಹನ ಇನ್ನೂರು ಮೀಟರ್ ಆಚೆ ಇರಬೇಕು. ತಿರುವಿನಲ್ಲಿ, ಮಳೆಯಲ್ಲಿ, ಮೀನಿನ ಲಾರಿಯಿಂದ ಸೋರಿದ ನೀರಿಗೆ ಜಾರುವ ಡಾಂಬರಿನ ಮೇಲೆ, ಇನ್ನೂರು ಮೀಟರ್ ಎಲ್ಲಿ ಕಾಣುತ್ತದೆ?

ಸ್ಕೂಟರಿನವರು ವಿರುದ್ಧ ದಿಕ್ಕಿನಲ್ಲಿ ಬರುತ್ತಾರೆ ಎಂದು ಬೈಯುತ್ತೇವೆ. ಮನೆಯಿಂದ ಎದುರಿನ ಹಾಲಿನ ಡೈರಿಗೆ ಹೋಗಲು ಯೂಟರ್ನ್‌ಗಾಗಿ ಒಂದೂವರೆ ಕಿಲೋಮೀಟರ್ ಹೋಗಿ ಮತ್ತೆ ಅಷ್ಟೇ ದೂರ ವಾಪಸು ಬರಬೇಕಾದರೆ, ದಿನಾ ಎರಡು ಹೊತ್ತು, ಯಾರೂ ಹಾಗೆ ಮಾಡುವುದಿಲ್ಲ. ತಪ್ಪು ಸ್ಕೂಟರಿನವನದೂ ಹೌದು. ಆದರೆ ಆ ತಪ್ಪು ಮೊದಲು ಹುಟ್ಟಿದ್ದು ನಕ್ಷೆಯಲ್ಲಿ.

ಮೋರಿಯ ಬಾಯಿ

ರಸ್ತೆ ಏರಿಸಿದಾಗ ನೀರಿಗೂ ಇದೇ ಗತಿ. ಹಿಂದೆ ತೋಡು ಹರಿಯುತ್ತಿದ್ದ ಅಗಲಕ್ಕೆ ಕಲ್ಲಿನ ಕಿರುಸೇತುವೆ ಇತ್ತು. ಈಗ ಕೆಲವು ಕಡೆ ಅಲ್ಲಿ ಕಾಂಕ್ರೀಟ್ ಕೊಳವೆ. ಮೇಲಿನ ಬೈಲಿನಲ್ಲಿ ನೀರು ನಿಂತು ಭತ್ತದ ನೇಜಿ ಕೊಳೆಯುತ್ತದೆ, ಕೆಳಗಿನ ಗದ್ದೆಗೆ ಮರಳು, ಜಲ್ಲಿ ನುಗ್ಗುತ್ತದೆ.

ಮೇ ಕೊನೆಯ ಒಂದು ಸಂಜೆ ಹೆದ್ದಾರಿಯ ಇಳಿಜಾರಿನಲ್ಲಿ ಇಬ್ಬರು ಗದ್ದೆಯವರನ್ನು ಕಂಡೆ. ಒಬ್ಬರ ಕೈಯಲ್ಲಿ ಹಾರೆ, ಇನ್ನೊಬ್ಬರ ಕೈಯಲ್ಲಿ ಪಿಕ್ಕಾಸು. ಮೋರಿಯ ಬಾಯಿಗೆ ಬಗ್ಗಿ ನೀರಿನ ಬಾಟಲಿ, ಸಿಮೆಂಟ್ ಚೀಲ, ಹೆಪ್ಪುಗಟ್ಟಿದ ಕಾಂಕ್ರೀಟಿನ ತುಂಡು ಒಂದೊಂದಾಗಿ ಎಳೆದು ಬದಿಗೆ ಹಾಕುತ್ತಿದ್ದರು. ಅದು ಅವರ ಕೆಲಸ ಅಲ್ಲ ತಾನೇ ಎಂದು ಕೇಳಿದೆ. "ಮಳೆಗೆ ಅದು ಗೊತ್ತಿಲ್ಲ ಅಲ್ವ ಸಾರ್" ಎಂದರು ಹಿರಿಯರು, ತಲೆ ಎತ್ತದೆ. ನಮ್ಮ ತಲೆಯ ಮೇಲೆ ಲಾರಿಗಳು ಹೋಗುತ್ತಲೇ ಇದ್ದವು. ಕತ್ತಲಾಗುವ ಹೊತ್ತಿಗೆ ಕಿರಿಯವರು ಮೊಬೈಲಿನ ಬೆಳಕು ಹಾಕಿ ಕೊಳವೆಯೊಳಗೆ ಇಣುಕಿದರು. ಆಚೆ ತುದಿಯಲ್ಲಿ ಕೈಯಗಲದಷ್ಟು ಆಕಾಶ ಕಂಡಿತು. ಇನ್ನೂ ಅರ್ಧ ಉಂಟು ಎಂದು ಪಿಕ್ಕಾಸು ಮತ್ತೆ ಕೈಗೆತ್ತಿಕೊಂಡರು.